ಮೂರು ಆಣೆಯ ಭಾಷಣ, ಹನ್ನೆರಡು ರೂಪಾಯಿಯ ಚರ್ಚೆ

ಪ್ರಶ್ನೆ: ನಮ್ಮ ಸಂಸದರ ಕಡೆಯವರು ಊರಲ್ಲಿ ಒಂದು ಕರಪತ್ರ ಹಂಚಿದ್ದಾರೆ. ಕೋವಿಡ್ ಬಂದು ಆರ್ಥಿಕತೆ ಕುಸಿದ ವರ್ಷಗಳಲ್ಲಿ ಅವರು ಇಷ್ಟು ಚರ್ಚೆಗಳಲ್ಲಿ ಭಾಗವಹಿಸಿದರು, ಇಷ್ಟು ಪ್ರಶ್ನೆ ಕೇಳಿದರು ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ನನ್ನ ಗಾರ್ಮೆಂಟ್ಸ್ ಕೆಲಸ ಹೋದದ್ದು ಅದೇ ವರ್ಷ. ಅವರು ಮಾತಾಡಿದ್ದರಿಂದ ನನ್ನಂಥವರಿಗೆ ಏನಾದರೂ ಆಯಿತಾ? ಸಂಸತ್ತಿನಲ್ಲಿ ಒಬ್ಬರು ಆಡಿದ ಮಾತನ್ನು ಅಳೆಯೋದು ಹೇಗೆ? ಇನ್ನೊಂದು, ಕನ್ನಡದಲ್ಲಿ ಮಾತಾಡಿದರೆ ಅದು ದಾಖಲೆಗೆ ಹೋಗುತ್ತಾ?
(ಓದುಗರೊಬ್ಬರು, ಮಂಡ್ಯ ಜಿಲ್ಲೆ)

ಉತ್ತರ: ಕರಪತ್ರದಲ್ಲಿರುವ ಸಂಖ್ಯೆ ಸುಳ್ಳಿರಲಿಕ್ಕಿಲ್ಲ. ಆದರೆ ಅದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಲೋಕಸಭೆಯಲ್ಲಿ "ಮಾತಾಡಿದರು" ಅನ್ನುವುದರಲ್ಲಿ ಹಲವು ಬಗೆ ಇವೆ. ಬಜೆಟ್ ಮೇಲೆ ಇಪ್ಪತ್ತು ನಿಮಿಷ ನಿಂತು ಲೆಕ್ಕ ಸಮೇತ ಮಾತಾಡುವುದು ಒಂದು ಬಗೆ. ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ ಎದ್ದು, ಮೈಕ್ ಆಫ್ ಆಗುವ ಮೊದಲು ಊರಿನ ರೈಲು ನಿಲುಗಡೆ ಕೇಳಿ ಕೂರುವುದು ಇನ್ನೊಂದು. ಒಂದು ವಿಷಯವನ್ನು ಸದನದ ಗಮನಕ್ಕೆ ತರಲು ಇರುವ ನಿಯಮ 377ರ ಅಡಿಯಲ್ಲಿ ಒಂದು ಪ್ಯಾರಾ ಹೇಳಿಕೆ ಕೊಡುವುದು ಮತ್ತೊಂದು. ಸಮಯ ಸಿಗದವರು ಬರೆದ ಭಾಷಣವನ್ನು ಸುಮ್ನೆ ಸದನದ ಮೇಜಿನ ಮೇಲೆ ಇಟ್ಟು ಹೋಗುವುದೂ ಉಂಟು. ಯಾರೂ ಅದನ್ನು ಕೇಳಿರುವುದಿಲ್ಲ, ಆದರೆ ದಾಖಲೆಯಲ್ಲಿ ಅದು ಭಾಷಣವೇ. ಕರಪತ್ರ ಬರೆಯುವವರು ಇದನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ ತೂಗುತ್ತಾರೆ.

ಇನ್ನು ಯಾರಿಗೆ ಎಷ್ಟು ನಿಮಿಷ ಅನ್ನುವುದು ಪಕ್ಷದ ಬಲದ ಮೇಲೆ ಹಂಚಿಕೆಯಾಗುತ್ತದೆ. ಸಣ್ಣ ಪಕ್ಷದವರಿಗೆ ಎರಡು ಮೂರು ನಿಮಿಷ ಸಿಕ್ಕರೆ ಪುಣ್ಯ. ದೊಡ್ಡ ಪಕ್ಷದಲ್ಲಿ ಯಾರನ್ನು ಎಬ್ಬಿಸಬೇಕು ಅಂತ ಪಕ್ಷದ ನಾಯಕರು ತೀರ್ಮಾನಿಸುತ್ತಾರೆ. ನಿಮ್ಮ ಸಂಸದರು ಸಚಿವರಾಗಿದ್ದರೆ ಅವರು ಕೇಳಿದ ಪ್ರಶ್ನೆಗಳ ಸಂಖ್ಯೆ ಸೊನ್ನೆ ಇರುತ್ತದೆ. ಅದು ಸೋಮಾರಿತನ ಅಲ್ಲ, ಸಚಿವರು ಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಎಣಿಕೆ ನೋಡಿ ಹೊಗಳಲೂ ಬೇಡಿ, ಬೈಯಲೂ ಬೇಡಿ.

ವರ್ಷಾನುಗಟ್ಟಲೆ ಕಲಾಪದ ಪುಟ ತಿರುವಿ ಹಾಕಿದ ಮೇಲೆ ನಾನು ನೋಡುವುದು ಒಂದನ್ನೇ. ಆ ಮಾತಿಗೆ ಸರ್ಕಾರ ಉತ್ತರ ಕೊಡಲೇಬೇಕಾಯಿತಾ? ಕೊಟ್ಟ ಉತ್ತರ ಸರ್ಕಾರವನ್ನು ಎಲ್ಲಾದರೂ ಕಟ್ಟಿಹಾಕಿತಾ? ಕಟ್ಟಿಹಾಕಿದರೆ ಅದು ಕೊಡುಗೆ. ಇಲ್ಲವಾದರೆ ಅದು ಭಾಷಣ.

ಮಾತಿನಿಂದ ಬೆಲೆಯೇ ಬದಲಾದ ಒಂದು ಸಂದರ್ಭ ಹೇಳುತ್ತೇನೆ. ಮಂಡ್ಯದವರಿಗೆ ಯೂರಿಯಾ ಚೀಲದ ಲೆಕ್ಕ ಬೇಗ ಅರ್ಥವಾಗುತ್ತದೆ.

1991. ದೇಶದ ಹತ್ತಿರ ಆಮದಿಗೆ ಕೊಡಲು ಕೆಲವೇ ವಾರಗಳ ಡಾಲರ್ ಉಳಿದಿತ್ತು. ಚಿನ್ನ ಅಡವಿಟ್ಟು ಸಾಲ ತಂದಿದ್ದರು. ಜುಲೈ ಮೊದಲ ವಾರ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿದರು. ಜುಲೈ 24ರಂದು ಹಣಕಾಸು ಸಚಿವ ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಆಗ ಬಜೆಟ್ ಓದುತ್ತಿದ್ದುದು ಸಂಜೆ 5 ಗಂಟೆಗೆ. ಇವತ್ತು ಆ ಬಜೆಟ್ ಅಂದ ತಕ್ಷಣ ಎಲ್ಲರೂ ಉದಾರೀಕರಣದ ಮಾತಾಡುತ್ತಾರೆ. ಆ ಸಂಜೆ ಹಳ್ಳಿಗೆ ತಟ್ಟಿದ್ದು ಬೇರೆ ಸುದ್ದಿ. ರಸಗೊಬ್ಬರದ ಬೆಲೆ 40% ಏರಿಸಿದ್ದರು. ಟನ್ನಿಗೆ 2,350 ರೂಪಾಯಿ ಇದ್ದ ಯೂರಿಯಾ 3,300ಕ್ಕೆ ಹೋಯಿತು. 50 ಕೆಜಿ ಚೀಲದ ಲೆಕ್ಕದಲ್ಲಿ ಸುಮಾರು 117 ರೂಪಾಯಿಯಿಂದ 165ಕ್ಕೆ.

ಮುಂಗಾರು ಬಿತ್ತನೆ ನಡೆದಿದ್ದ ಹೊತ್ತು. ಸದನದಲ್ಲಿ ಗದ್ದಲವಾಯಿತು. ಎದ್ದವರು ವಿರೋಧ ಪಕ್ಷದವರು ಮಾತ್ರ ಆಗಿದ್ದರೆ ಸರ್ಕಾರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಕಾಂಗ್ರೆಸ್ಸಿನೊಳಗಿನ ಹಳ್ಳಿ ಕಡೆಯ ಸಂಸದರೂ ತಿರುಗಿಬಿದ್ದರು. ನರಸಿಂಹರಾವ್ ಸರ್ಕಾರಕ್ಕೆ ಬಹುಮತವೇ ಇರಲಿಲ್ಲ, ಹಣಕಾಸು ಮಸೂದೆ ಬಿದ್ದರೆ ಸರ್ಕಾರವೂ ಬೀಳುತ್ತಿತ್ತು. ಆಗಸ್ಟ್ 6ರಂದು ಹಣಕಾಸು ಸಚಿವರು ಹಿಂದೆ ಸರಿದರು. ಏರಿಕೆ 40ರಿಂದ 30%ಗೆ ಇಳಿಯಿತು. ಸಣ್ಣ, ಅತಿ ಸಣ್ಣ ರೈತರಿಗೆ ಏರಿಕೆಯೇ ಇಲ್ಲ ಎಂದರು. ಯೂರಿಯಾ ಟನ್ನಿಗೆ 3,060 ಆಯಿತು. ಚೀಲಕ್ಕೆ 165 ಆಗಿದ್ದದ್ದು 153.

ಹನ್ನೆರಡು ರೂಪಾಯಿ. ಎರಡು ವಾರದ ಮಾತಿಗೆ ಸಿಕ್ಕ ಬೆಲೆ ಅದು.

ಇದರಲ್ಲಿ ಎರಡು ತೊಡಕು ಇವೆ. ಒಂದು, ಈ ಹನ್ನೆರಡು ರೂಪಾಯಿ ಯಾವ ಸಂಸದರ ಖಾತೆಗೆ? ಯಾರ ಖಾತೆಗೂ ಅಲ್ಲ, ಎಲ್ಲರ ಖಾತೆಗೂ ಹೌದು. ಹತ್ತಾರು ಜನ ಎದ್ದರು, ಪಕ್ಷದ ಸಭೆಗಳಲ್ಲಿ ಬಾಗಿಲು ಮುಚ್ಚಿಕೊಂಡು ಕೂಗಾಡಿದರು. ಅದು ಯಾವ ಕರಪತ್ರಕ್ಕೂ ಸಿಗುವುದಿಲ್ಲ. ಎರಡು, ಸಣ್ಣ ರೈತರಿಗೆ ವಿನಾಯಿತಿ ಅನ್ನುವುದು ಭಾಷಣದಲ್ಲಿ ಸಲೀಸು. ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರಲ್ಲಿ ಐದು ಎಕರೆಗಿಂತ ಕಮ್ಮಿ ಇರುವವರು ಯಾರು, ಜಾಸ್ತಿ ಇರುವವರು ಯಾರು ಅಂತ ನೋಡಿ ಹೇಳಲು ಆಗುತ್ತದೆಯೇ? ಅದು ಉಳಿಯಲಿಲ್ಲ. ಗೊಬ್ಬರದ ಬೆಲೆಯನ್ನು ನೋಡಲು ಸಂಸತ್ತಿನ ಜಂಟಿ ಸಮಿತಿ ಕೂತಿತು. 1992ರ ಆಗಸ್ಟ್‌ನಲ್ಲಿ ಯೂರಿಯಾ ಬೆಲೆ ಇನ್ನೂ 10% ಇಳಿಯಿತು, ಆದರೆ ಡಿಎಪಿ, ಪೊಟ್ಯಾಷ್ ಮೇಲಿದ್ದ ಬೆಲೆ ನಿಯಂತ್ರಣ ಹೋಯಿತು. ರೈತರು ಅಗ್ಗವಾದ ಯೂರಿಯಾವನ್ನೇ ಸುರಿಯುವ ಚಾಳಿ ಗಟ್ಟಿಯಾದದ್ದು ಅಲ್ಲಿಂದ ಮುಂದೆ. ಚರ್ಚೆಯಲ್ಲಿ ಗೆದ್ದದ್ದೆಲ್ಲ ಒಳ್ಳೆಯದೇ ಆಗಬೇಕು ಅಂತೇನಿಲ್ಲ.

ಹಾಗಾದರೆ ಒಬ್ಬರೇ ನಿಂತು ಮಾತಾಡಿ ಸರ್ಕಾರವನ್ನು ಕಟ್ಟಿಹಾಕಿದ್ದು ಇದೆಯಾ? ಇದೆ. ಆ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆಗೂ ಅದರ ಒಂದು ಎಳೆ ಬರುತ್ತದೆ.

1963ರ ಆಗಸ್ಟ್. ಚೀನಾ ಯುದ್ಧ ಮುಗಿದು ಒಂಬತ್ತು ತಿಂಗಳು. ಯುದ್ಧದ ಖರ್ಚು ಜನರ ತಲೆ ಮೇಲೆ ಬಿದ್ದಿತ್ತು. ಆ ವರ್ಷದ ಬಜೆಟ್‌ನಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಹೊಸ ತೆರಿಗೆಗಳ ಜತೆಗೆ ಕಡ್ಡಾಯ ಠೇವಣಿ ಅಂತ ಒಂದು ಯೋಜನೆ ತಂದಿದ್ದರು. ದುಡಿದದ್ದರಲ್ಲಿ ಇಷ್ಟನ್ನು ಸರ್ಕಾರದ ಹತ್ತಿರ ಇಡಲೇಬೇಕು. ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂದು ಅಕ್ಕಸಾಲಿಗರ ಕೈ ಕಟ್ಟಿತ್ತು. ಈಗಿನ ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದನ್ನು ಆರ್ಥಿಕ ಹಿಂಜರಿತ ಅನ್ನಲಾಗದು. ಆದರೆ ಕೈಯಲ್ಲಿ ಕಾಸಿಲ್ಲದ ಕಾಲ ಅನ್ನಲು ಅಡ್ಡಿಯಿಲ್ಲ.

ನೆಹರೂ ಪ್ರಧಾನಿ. ಸ್ವಾತಂತ್ರ್ಯ ಬಂದು ಹದಿನಾರು ವರ್ಷವಾದರೂ ಅವರ ಸರ್ಕಾರದ ಮೇಲೆ ಒಂದು ಅವಿಶ್ವಾಸ ಗೊತ್ತುವಳಿಯೂ ಚರ್ಚೆಗೆ ಬಂದಿರಲಿಲ್ಲ. ಮೊದಲನೆಯದನ್ನು ತಂದವರು ಆಚಾರ್ಯ ಕೃಪಲಾನಿ. ಅವರೂ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಕೆಲವೇ ತಿಂಗಳ ಹಿಂದೆ ಉಪಚುನಾವಣೆ ಗೆದ್ದು ಬಂದವರು. ಲೋಹಿಯಾ ಗೆದ್ದದ್ದು ಉತ್ತರ ಪ್ರದೇಶದ ಫರೂಕಾಬಾದ್‌ನಿಂದ. ಅಂದರೆ ಲೋಕಸಭೆಗೆ ಹೊಸಬರು. ಈಗಿನ ಕರಪತ್ರದ ಲೆಕ್ಕದಲ್ಲಿ ಅವರ ಎಣಿಕೆ ಆಗ ಸೊನ್ನೆಯ ಆಸುಪಾಸು.

ಅವರು ಎದ್ದು ಹೇಳಿದ್ದು ಇಷ್ಟು. ಈ ದೇಶದ 27 ಕೋಟಿ ಜನ, ಅಂದರೆ ನೂರಕ್ಕೆ ಅರುವತ್ತು ಮಂದಿ, ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ. ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ.

ಆಣೆ ಅಂದರೆ ರೂಪಾಯಿಯ ಹದಿನಾರರಲ್ಲಿ ಒಂದು ಪಾಲು. 1957ರಲ್ಲೇ ನಯಾ ಪೈಸೆ ಬಂದಿದ್ದರೂ ಜನರ ಬಾಯಲ್ಲಿ ಆಣೆಯೇ ಉಳಿದಿತ್ತು. ಈಗಲೂ "ಹದಿನಾರಾಣೆ ನಿಜ" ಅನ್ನುತ್ತೇವೆ ಅಲ್ವಾ? ಲೋಹಿಯಾ 19 ಪೈಸೆ ಅನ್ನಲಿಲ್ಲ, ಮೂರು ಆಣೆ ಅಂದರು. ಬರ್ಲಿನ್‌ನಲ್ಲಿ ಉಪ್ಪಿನ ತೆರಿಗೆಯ ಮೇಲೆ ಪಿಎಚ್‌ಡಿ ಮಾಡಿದ ಮನುಷ್ಯ. ಬೇಕಿದ್ದರೆ ದಶಮಾಂಶ ಸಮೇತ ಹೇಳಬಹುದಿತ್ತು. ಸಂತೆಗೆ ಹೋಗುವವನಿಗೆ ತಿಳಿಯುವ ನಾಣ್ಯದಲ್ಲಿ ಹೇಳಿದರು.

ನೆಹರೂ ಒಪ್ಪಲಿಲ್ಲ. ಮೂರಲ್ಲ, ಹದಿನೈದು ಆಣೆ ಅಂದರು.

ಇಲ್ಲಿ ನಿಲ್ಲೋಣ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ದಿನಕ್ಕೆ ಹದಿನೈದು ಆಣೆ ಅಂದರೆ ವರ್ಷಕ್ಕೆ ಸುಮಾರು 342 ರೂಪಾಯಿ. ಅದು ಆಗಿನ ತಲಾ ಆದಾಯದ ಆಸುಪಾಸಿನ ಅಂಕಿ. ಅಂದರೆ ಸರಾಸರಿ. ಹತ್ತು ಮನೆಯ ಒಂದು ಓಣಿ ಇದೆ ಅಂದುಕೊಳ್ಳಿ. ಒಂಬತ್ತು ಮನೆಗೆ ದಿನಕ್ಕೆ ಐದೈದು ಆಣೆ. ಮೂಲೆಯ ದೊಡ್ಡ ಮನೆಗೆ 105 ಆಣೆ. ಓಣಿಯ ಸರಾಸರಿ ಎಷ್ಟು? ಸರಿಯಾಗಿ ಹದಿನೈದು ಆಣೆ. ಹದಿನೈದು ಆಣೆ ಇರುವ ಮನೆ ಮಾತ್ರ ಆ ಓಣಿಯಲ್ಲಿ ಒಂದೂ ಇಲ್ಲ. ಲೋಹಿಯಾ ಕೇಳಿದ್ದು ಆ ಒಂಬತ್ತು ಮನೆಯ ಬಗ್ಗೆ. ನೆಹರೂ ಹೇಳಿದ್ದು ಇಡೀ ಓಣಿಯ ಬಗ್ಗೆ.

ಗೊತ್ತುವಳಿ ಬಿತ್ತು. ಪರ 62 ಮತ, ವಿರುದ್ಧ 347. ಲೋಹಿಯಾ ಅಲ್ಲಿಗೇ ಬಿಡಲಿಲ್ಲ. ಸೆಪ್ಟೆಂಬರ್ 6ರಂದು ಈ ಅಂಕಿಯ ಮೇಲೆಯೇ ಮತ್ತೆ ಚರ್ಚೆಯಾಯಿತು. ಸರ್ಕಾರದ ಪರವಾಗಿ ಸಚಿವ ಗುಲ್ಜಾರಿಲಾಲ್ ನಂದಾ ಉತ್ತರ ಕೊಟ್ಟರು. ಈ ಸಲ ಕೆಳಗಿನ ನೂರಕ್ಕೆ ಅರುವತ್ತು ಮಂದಿಯ ಲೆಕ್ಕವನ್ನೇ ತೆಗೆದು ಏಳೂವರೆ ಆಣೆ ಎಂದರು.

ಪತ್ರಿಕೆಗಳಿಗೆ ಇದು ಮೂರಾ ಹದಿನೈದಾ ಎಂಬ ಕುಸ್ತಿಯಾಯಿತು. ನನಗೆ ಮುಖ್ಯ ಅನಿಸುವುದು ಆ ಏಳೂವರೆ. ಎರಡೇ ವಾರದಲ್ಲಿ ಸರ್ಕಾರ ಹದಿನೈದರಿಂದ ಏಳೂವರೆಗೆ ಇಳಿದಿತ್ತು, ಅದೂ ಅಧಿಕೃತವಾಗಿ, ಸದನದ ದಾಖಲೆಯಲ್ಲಿ. ಇನ್ನೊಂದು ಕಡೆಯಿಂದ ನೋಡಿ. ಅದಕ್ಕೂ ಒಂದು ವರ್ಷ ಹಿಂದೆ, 1962ರಲ್ಲಿ, ಸರ್ಕಾರವೇ ಕೂರಿಸಿದ್ದ ತಜ್ಞರ ಗುಂಪು ಒಂದು ಕನಿಷ್ಠ ಮಟ್ಟ ಗೊತ್ತು ಮಾಡಿತ್ತು. 1960-61ರ ಬೆಲೆಯಲ್ಲಿ ಒಬ್ಬ ಮನುಷ್ಯನಿಗೆ ತಿಂಗಳಿಗೆ 20 ರೂಪಾಯಿಯಾದರೂ ಬೇಕು. ದಿನಕ್ಕೆ ಭಾಗಿಸಿದರೆ ಹತ್ತೂವರೆ ಆಣೆಗೆ ಸ್ವಲ್ಪ ಜಾಸ್ತಿ. ಸಚಿವರು ಒಪ್ಪಿದ ಏಳೂವರೆ ಆಣೆ ಸರ್ಕಾರದ ಕನಿಷ್ಠಕ್ಕಿಂತ ಮೂರು ಆಣೆ ಕಮ್ಮಿ! ಲೋಹಿಯಾ ಹೇಳಿದ ಮೂರು ಆಣೆ ಅತಿಯಾಗಿತ್ತು ಅಂತಲೇ ಇಟ್ಟುಕೊಳ್ಳಿ. ನನಗೂ ಹಾಗೇ ಅನಿಸುತ್ತದೆ. ಆದರೂ ಸರ್ಕಾರ ಕೊಟ್ಟ ಉತ್ತರದಿಂದಲೇ ಸರ್ಕಾರ ಸಿಕ್ಕಿಬಿತ್ತು.

ಈ ಲೋಹಿಯಾ ನಮಗೆ ಹೊರಗಿನವರೇನಲ್ಲ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದವರು. ಇಲ್ಲಿಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಂಥವರು ಅವರ ಜತೆಗಾರರು. ಗೇಣಿಯ ಕೊಳಗದ ಅಳತೆಯಲ್ಲೇ ಮೋಸ ಇದೆ ಅನ್ನುವುದು ಕಾಗೋಡಿನ ತಕರಾರು. ಹನ್ನೆರಡು ವರ್ಷದ ಮೇಲೆ ದೆಹಲಿಯಲ್ಲಿ ಅವರು ಎತ್ತಿದ್ದೂ ಅಳತೆಯ ತಕರಾರನ್ನೇ.

ಈಚಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2016ರ ನವೆಂಬರ್ 24. ನೋಟು ರದ್ದಾಗಿ ಹದಿನಾರು ದಿನ. ರಾಜ್ಯಸಭೆಯಲ್ಲಿ ಮನಮೋಹನ್ ಸಿಂಗ್, ಈಗ ವಿರೋಧ ಪಕ್ಷದ ಬೆಂಚಿನಲ್ಲಿ. ಮಾತಾಡಿದ್ದು ಕೆಲವೇ ನಿಮಿಷ, ಎಂದಿನಂತೆ ಮೆತ್ತಗೆ. ಇದು ಸಂಘಟಿತ ಲೂಟಿ ಅಂದರು. ಟಿವಿಯವರು ಅದನ್ನೇ ಹಿಡಿದುಕೊಂಡರು. ಆದರೆ ಆ ಭಾಷಣದ ತೂಕದ ಮಾತು ಬೇರೆ. ಜಿಡಿಪಿ ಬೆಳವಣಿಗೆ ಸುಮಾರು ಎರಡು ಪರ್ಸೆಂಟ್ ಬೀಳಬಹುದು, ಇದು ಜಾಸ್ತಿ ಮಾಡಿ ಹೇಳಿದ್ದಲ್ಲ, ಕಮ್ಮಿ ಮಾಡಿ ಹೇಳಿದ್ದು ಎಂದರು. ಬೈಗುಳವನ್ನು ಯಾರು ಬೇಕಾದರೂ ಬೈಯಬಹುದು. ಅಂಕಿ ಹೇಳಿದವನು ನಾಳೆ ಸಿಕ್ಕಿಬೀಳಬಹುದು.

ಅವರು ಸಿಕ್ಕಿಬಿದ್ದರಾ? 2016ರ ಏಪ್ರಿಲ್–ಜೂನ್‌ನಲ್ಲಿ 7.9% ಇದ್ದ ಬೆಳವಣಿಗೆ ಮರುವರ್ಷ ಅದೇ ಮೂರು ತಿಂಗಳಲ್ಲಿ 5.7%ಗೆ ಬಂದಿತ್ತು, ಆಗಿನ ಲೆಕ್ಕದಲ್ಲಿ. ಎರಡು ಪರ್ಸೆಂಟ್ ಬಿತ್ತಲ್ಲ ಅಂತ ಅವರ ಕಡೆಯವರು ಹೇಳಿದರು. ಆದರೆ ಜುಲೈನಲ್ಲಿ ಜಿಎಸ್‌ಟಿ ಬರುವುದಿತ್ತು, ಅಂಗಡಿಯವರು ಅದಕ್ಕೆ ಮೊದಲು ಸರಕು ತರಿಸುವುದನ್ನೇ ನಿಲ್ಲಿಸಿದ್ದರು. ಆಮೇಲೆ ಅಂಕಿ ಅಂಶ ಇಲಾಖೆ ಲೆಕ್ಕ ಪರಿಷ್ಕರಿಸಿ 2016-17ರ ಇಡೀ ವರ್ಷದ ಬೆಳವಣಿಗೆ 8%ಗಿಂತ ಜಾಸ್ತಿ ಎಂದಿತು. ಇದನ್ನು ಎದುರು ಕಡೆಯವರು ಹಿಡಿದುಕೊಂಡರು. ಜಗಳ ಇನ್ನೂ ಮುಗಿದಿಲ್ಲ. ಆದರೆ ಜಗಳ ಆಡಲು ಒಂದು ಅಂಕಿ ಇದೆ. ಅದೇ ದಿನಗಳಲ್ಲಿ ಎರಡೂ ಕಡೆಯಿಂದ ಗಂಟೆಗಟ್ಟಲೆ ಮಾತಾಡಿದವರಲ್ಲಿ ಎಷ್ಟು ಜನರ ಮಾತನ್ನು ಇವತ್ತು ಹೀಗೆ ತೆಗೆದು ಪರೀಕ್ಷೆ ಮಾಡಬಹುದು?

ಈಗ ನಿಮ್ಮ ವರ್ಷಕ್ಕೆ ಬರೋಣ. 2020ರ ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಹಿಂದಿನ ವರ್ಷಕ್ಕಿಂತ 23.9% ಕುಸಿದಿದೆ ಎಂದು ಮೊದಲ ಅಂದಾಜು ಹೇಳಿತು. ಅಂಥ ಕುಸಿತ ಹಿಂದೆ ಕಂಡಿರಲಿಲ್ಲ. ಮುಂಗಾರು ಅಧಿವೇಶನ ಸೆಪ್ಟೆಂಬರ್ 14ಕ್ಕೆ ಶುರುವಾಗಿ 23ಕ್ಕೇ ಮುಗಿಯಿತು. ಅಕ್ಟೋಬರ್ 1ರವರೆಗೆ ನಡೆಯಬೇಕಿತ್ತು. ಎಲ್ಲಕ್ಕಿಂತ ದೊಡ್ಡ ನಷ್ಟ, ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು.

ಪ್ರಶ್ನೋತ್ತರ ವೇಳೆ ಯಾಕೆ ಮುಖ್ಯ ಅಂದರೆ ಅಲ್ಲಿ ಉಪ ಪ್ರಶ್ನೆ ಇರುತ್ತದೆ. ಮೊದಲ ಪ್ರಶ್ನೆಗೆ ಅಧಿಕಾರಿಗಳು ಬರೆದುಕೊಟ್ಟದ್ದನ್ನು ಸಚಿವರು ಓದುತ್ತಾರೆ. ಅದಾದ ಮೇಲೆ ಸಂಸದರು ಅಲ್ಲೇ ಎದ್ದು ಇನ್ನೊಂದು ಕೇಳುತ್ತಾರೆ. ಆಗ ಬರೆದುಕೊಟ್ಟದ್ದನ್ನು ಓದಿ ಪಾರಾಗುವುದು ಸಚಿವರಿಗೆ ಕಷ್ಟ. ವಿಷಯ ಗೊತ್ತಿದೆಯೋ ಇಲ್ಲವೋ ಅನ್ನುವುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಆ ಅರ್ಧ ನಿಮಿಷ ಆ ಅಧಿವೇಶನದಲ್ಲಿ ಇರಲಿಲ್ಲ. ಲಿಖಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ.

ಹಾಗಿದ್ದೂ ಮೊದಲ ದಿನವೇ ಒಂದು ಪ್ರಶ್ನೆ ಸರಿಯಾದ ಜಾಗಕ್ಕೆ ತಾಗಿತು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಅಂತ ಕೆಲವು ಸಂಸದರು ಕೇಳಿದ್ದರು. ಕಾರ್ಮಿಕ ಇಲಾಖೆಯ ಉತ್ತರ: ಅಂಥ ಲೆಕ್ಕ ಇಟ್ಟಿಲ್ಲ. ಊರಿಗೆ ಮರಳಿದವರು ಸುಮಾರು 1.04 ಕೋಟಿ ಅನ್ನುವ ಲೆಕ್ಕ ಮಾತ್ರ ಸಿಕ್ಕಿತು. ಅದೇ ವಾರ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ಸಂಸದ ಡೆರೆಕ್ ಓಬ್ರಿಯಾನ್ ಅವರ ಪ್ರಶ್ನೆಗೆ ರೈಲ್ವೆ ಸಚಿವರು ಉತ್ತರಿಸಿದರು. ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ದ ಶ್ರಮಿಕ್ ವಿಶೇಷ ರೈಲುಗಳಲ್ಲಿ ಸೆಪ್ಟೆಂಬರ್ 9ರವರೆಗೆ 97 ಜನ ತೀರಿಕೊಂಡಿದ್ದಾರೆ.

ಎರಡು ಉತ್ತರ ಅಕ್ಕಪಕ್ಕ ಇಟ್ಟು ನೋಡಿ. ರೈಲಿನಲ್ಲಿ ಸತ್ತವರ ಲೆಕ್ಕ ಇದೆ. ನಡೆದು ಹೋಗುವಾಗ ಸತ್ತವರದ್ದು ಇಲ್ಲ. "ಲೆಕ್ಕ ಇಟ್ಟಿಲ್ಲ" ಅನ್ನುವುದನ್ನು ಆಗ ಬಹಳ ಜನ ಉತ್ತರವೇ ಅಲ್ಲ ಎಂದು ಬೈದರು. ನನ್ನ ಪ್ರಕಾರ ಆ ಇಡೀ ಅಧಿವೇಶನದಲ್ಲಿ ಸಿಕ್ಕ ಅತಿ ದೊಡ್ಡ ಉತ್ತರ ಅದು. ಅಸಂಘಟಿತ ಕಾರ್ಮಿಕರ ಪಟ್ಟಿಯೇ ಸರ್ಕಾರದ ಹತ್ತಿರ ಇಲ್ಲ ಅನ್ನುವುದು ಎಲ್ಲರ ಕಣ್ಣಿಗೂ ಬಿತ್ತು. ಮರುವರ್ಷ ಸುಪ್ರೀಂ ಕೋರ್ಟ್ ಈ ಪಟ್ಟಿಯ ಬೆನ್ನು ಹತ್ತಿತು, 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ನೋಂದಣಿ ಶುರುವಾಯಿತು. ಸಂಸತ್ತಿನ ಒಂದು ಪ್ರಶ್ನೆಯಿಂದಲೇ ಅದು ಆಯಿತು ಅಂತ ನಾನು ಹೇಳಲಾರೆ. ಆದರೆ ಆಮೇಲೆ ಆ ವಿಷಯ ಮಾತಾಡಿದವರೆಲ್ಲ ಆ ಒಂದು ಸಾಲನ್ನು ತೋರಿಸುತ್ತಿದ್ದರು.

ನಿಮ್ಮ ಗಾರ್ಮೆಂಟ್ಸ್ ಕೆಲಸದ ವಿಷಯ. ಕನಿಷ್ಠ ಕೂಲಿ ನಿಗದಿ ಮಾಡುವುದು ರಾಜ್ಯ ಸರ್ಕಾರ. ಅದನ್ನು ಕೇಳಬೇಕಾದದ್ದು ನಿಮ್ಮ ಶಾಸಕರನ್ನು. ಆದರೆ ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆಯ ದುಡ್ಡು, ಹಿಡಿಯುತ್ತಿದ್ದರು ಅಲ್ವಾ? ಅದು ಕೇಂದ್ರದ್ದು. ಇಎಸ್‌ಐ ಕಟ್ಟಿ ಕೆಲಸ ಕಳಕೊಂಡವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದು ಆಗ ಇತ್ತು. ಕೋವಿಡ್ ವರ್ಷದಲ್ಲಿ ಅದರ ಮೊತ್ತವನ್ನು ಸರಾಸರಿ ದಿನಗೂಲಿಯ 25%ರಿಂದ 50%ಗೆ ಏರಿಸಿದರು, 90 ದಿನಗಳವರೆಗೆ. ಫ್ಯಾಕ್ಟರಿಯಲ್ಲಿ ನಿಮಗೆ ಯಾರಾದರೂ ಇದನ್ನು ಹೇಳಿದ್ದರಾ?

ಈಗ ಎರಡು ಪ್ರಶ್ನೆ ಬರೆಯುತ್ತೇನೆ. ಎರಡೂ ನನ್ನ ಕೈಬರಹವೇ, ಆದರೆ ಇಂಥವು ದಾಖಲೆಯಲ್ಲಿ ರಾಶಿ ರಾಶಿ ಸಿಗುತ್ತವೆ.

ಮೊದಲನೆಯದು: "ಕೋವಿಡ್‌ನಿಂದ ಸಂಕಷ್ಟಕ್ಕೆ ಒಳಗಾದ ಕಾರ್ಮಿಕರ ಕಲ್ಯಾಣಕ್ಕಾಗಿ ಸರ್ಕಾರ ಕೈಗೊಂಡ ಕ್ರಮಗಳೇನು?"

ಎರಡನೆಯದು: "ಅಟಲ್ ಬೀಮಿತ್ ಯೋಜನೆಯಲ್ಲಿ 2020-21ರಲ್ಲಿ ಕರ್ನಾಟಕದಿಂದ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟು ತಿರಸ್ಕಾರವಾದವು, ಯಾವ ಕಾರಣಕ್ಕೆ, ಹಣ ಕೈಸೇರಲು ಸರಾಸರಿ ಎಷ್ಟು ದಿನ ಹಿಡಿಯಿತು?"

ಮೊದಲನೆಯದಕ್ಕೆ ಇಲಾಖೆ ನಾಲ್ಕು ಪುಟ ಉತ್ತರ ಕೊಡುತ್ತದೆ. ಎಲ್ಲ ಯೋಜನೆಗಳ ಹೆಸರೂ ಇರುತ್ತದೆ, ನಿಮಗೆ ಏನೂ ಸಿಗುವುದಿಲ್ಲ. ಅಂಥ ಪ್ರಶ್ನೆ ಸಚಿವರಿಗೆ ಹಬ್ಬ. ಆಳುವ ಪಕ್ಷದವರು ಬೇಕಂತಲೇ ಅಂಥದ್ದನ್ನು ಕೇಳುವುದೂ ಉಂಟು. ಎರಡನೆಯದಕ್ಕೆ ಇಲಾಖೆ ಒಂದೋ ಅಂಕಿ ಕೊಡಬೇಕು, ಇಲ್ಲವೇ ಅಂಕಿ ಇಲ್ಲ ಅಂತ ಒಪ್ಪಬೇಕು. ಮೂರನೇ ದಾರಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅನ್ನುವುದು. ಹಾಗೆ ಅಂದರೆ ಅದು ಭರವಸೆ ಆಗುತ್ತದೆ. ಭರವಸೆಗಳನ್ನು ಬೆನ್ನುಹತ್ತಲು ಸಂಸತ್ತಿನಲ್ಲಿ ಪ್ರತ್ಯೇಕ ಸಮಿತಿ ಇದೆ.

ನಿಮ್ಮ ಸಂಸದರ ಹೆಸರು ಹಾಕಿ ಲೋಕಸಭೆಯ ವೆಬ್‌ಸೈಟಿನಲ್ಲಿ ಹುಡುಕಿ. ಅವರ ಪ್ರಶ್ನೆಗಳೆಲ್ಲ ಉತ್ತರ ಸಮೇತ ಸಿಗುತ್ತವೆ. ಎಲ್ಲ ಓದಬೇಡಿ, ತಲೆ ಕೆಡುತ್ತದೆ. ಕಾರ್ಮಿಕ, ಜವಳಿ, ಹಣಕಾಸು ಈ ಮೂರು ಇಲಾಖೆಯದ್ದು ಮಾತ್ರ ತೆಗೆಯಿರಿ, 2020ರ ಸೆಪ್ಟೆಂಬರ್‌ನಿಂದ 2021ರ ಕೊನೆವರೆಗೆ. ಅವರ ಪ್ರಶ್ನೆ ಮೇಲಿನ ಎರಡರಲ್ಲಿ ಯಾವ ಜಾತಿಯದ್ದು ನೋಡಿ. ಒಂದು ಪ್ರಶ್ನೆಗೆ ಎ, ಬಿ, ಸಿ, ಡಿ ಅಂತ ಭಾಗಗಳಿರುತ್ತವೆ. ಉತ್ತರದಲ್ಲಿ "ಎಯಿಂದ ಡಿವರೆಗೆ" ಅಂತ ಎಲ್ಲವನ್ನೂ ಒಟ್ಟುಗೂಡಿಸಿದ್ದರೆ ಸ್ವಲ್ಪ ಎಚ್ಚರ. ಬೇಡವಾದ ಭಾಗವನ್ನು ನುಂಗಿಹಾಕಲು ಇಲಾಖೆಗಳು ಹಿಡಿಯುವ ದಾರಿ ಅದು. ಹಾಗೆ ನುಂಗಿದಾಗ ಮುಂದಿನ ಅಧಿವೇಶನದಲ್ಲಿ ಅವರು ಅದೇ ಭಾಗವನ್ನು ಮತ್ತೆ ಕೇಳಿದ್ದಾರಾ? ಕೇಳಿದ್ದರೆ ಕರಪತ್ರವನ್ನು ಎಸೆಯಬೇಡಿ, ಮಡಿಚಿ ಇಟ್ಟುಕೊಳ್ಳಿ.

ಅವರ ಮತ ನೋಡಿ ಅಳೆಯಲು ಮಾತ್ರ ಹೋಗಬೇಡಿ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷದ ಆದೇಶ (ವಿಪ್) ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. 1991ರಲ್ಲೂ ಆ ಕಾನೂನು ಇತ್ತು. ಗೊಬ್ಬರಕ್ಕಾಗಿ ತಿರುಗಿಬಿದ್ದ ಕಾಂಗ್ರೆಸ್ಸಿಗರು ಸರ್ಕಾರದ ವಿರುದ್ಧ ಮತ ಹಾಕಲಿಲ್ಲ. ಬಾಯಿ ಮಾತಿನಲ್ಲೇ ಹನ್ನೆರಡು ರೂಪಾಯಿ ಇಳಿಸಿದರು. ಮಾತಾಡಲು ಸಮಯವೇ ಸಿಗದ ವರ್ಷಗಳೂ ಇವೆ. 2018ರ ಮಾರ್ಚ್‌ನಲ್ಲಿ ಇಡೀ ಬಜೆಟ್, ಎಲ್ಲ ಇಲಾಖೆಗಳ ಬೇಡಿಕೆಗಳೂ, ಗದ್ದಲದ ನಡುವೆ ಚರ್ಚೆ ಇಲ್ಲದೆ ಅಂಗೀಕಾರವಾದವು. ಗಿಲೊಟಿನ್ ಅನ್ನುತ್ತಾರೆ ಅದಕ್ಕೆ. ತಲೆ ಕಡಿಯುವ ಯಂತ್ರದ ಹೆಸರು ಅದು, ಸರಿಯಾಗೇ ಇದೆ. ಆ ವರ್ಷ ಯಾವ ಸಂಸದರ ಎಣಿಕೆ ಕಮ್ಮಿ ಇದ್ದರೂ ಅವರೊಬ್ಬರನ್ನೇ ದೂರಲಾಗದು.

ಕೊನೆಗೆ ಕನ್ನಡದ ವಿಷಯ. ದಾಖಲೆಗೆ ಹೋಗುತ್ತದೆ. ದಾರಿ ತೆರೆದವರು ಜೆ.ಎಚ್. ಪಟೇಲರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. ಆಗ ಸಭಾಧ್ಯಕ್ಷರು ನೀಲಂ ಸಂಜೀವ ರೆಡ್ಡಿ. ಪಟೇಲರು ಲೋಹಿಯಾ ಪಕ್ಷದವರೇ. ಮೂರು ಆಣೆಯ ಭಾಷಣವನ್ನು ಹಿಂದಿಯಲ್ಲಿ ಮಾಡಿದ ಆ ಮನುಷ್ಯ ತನ್ನ ಜತೆಯವರಿಗೂ ನಿಮ್ಮ ನಿಮ್ಮ ಭಾಷೆಯಲ್ಲಿ ಮಾತಾಡಿ ಅನ್ನುತ್ತಿದ್ದರು.

ಮುದ್ರಿತ ಕಲಾಪದಲ್ಲಿ ಕನ್ನಡದ ಭಾಷಣ ಇಂಗ್ಲಿಷಿನಲ್ಲಿ ಇರುತ್ತದೆ. ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು, ಪುಟದ ಅಡಿಯಲ್ಲಿ ಮೂಲ ಭಾಷಣ ಕನ್ನಡದ್ದು ಎಂಬ ಟಿಪ್ಪಣಿ. ನಿಮ್ಮ ಸಂಸದರ ಹೆಸರಿನ ಪಕ್ಕ ಆ ನಕ್ಷತ್ರ ಕಂಡರೆ ಇಂಗ್ಲಿಷ್ ಓದುತ್ತಾ ಕೂರಬೇಡಿ. ಆ ದಿನದ ತಾರೀಕು ಗುರುತು ಹಾಕಿಕೊಂಡು ವಿಡಿಯೊ ತೆಗೆಯಿರಿ. ಅವರದೇ ಮಾತು, ಅವರದೇ ದನಿ, ಹಿಂದೆ ಯಾರು ಗಲಾಟೆ ಮಾಡುತ್ತಿದ್ದರು ಅನ್ನುವುದು ಸಮೇತ ಸಿಗುತ್ತದೆ.